ಏಳು ಮನೆಗೆ ಒಂದು ನಂಬರ್

ಆಗೆಲ್ಲ ನಮ್ಮ ವಠಾರದಲ್ಲಿ ಏಳು ಮನೆ, ಒಂದೇ ಫೋನು. ಫೋನು ನಮ್ಮ ಮನೆಯಲ್ಲಿತ್ತು. ಇಷ್ಟು ನಿಜ. ಇದರ ಮುಂದಿನ ವಾಕ್ಯ "ನಾವೆಲ್ಲ ಒಂದೇ ಕುಟುಂಬದವರ ಹಾಗೆ ಇದ್ದೆವು" ಎಂದಿರಬೇಕಂತೆ. ನಾನೀಗ ಇರುವ ಅಪಾರ್ಟ್‌ಮೆಂಟಿನ ಸಂಘದವರು ವಾರ್ಷಿಕೋತ್ಸವಕ್ಕೆ ಒಂದು ಸಂಚಿಕೆ ತರುತ್ತಿದ್ದಾರೆ. ಕಾರ್ಯದರ್ಶಿ ಲಿಫ್ಟಿನಲ್ಲಿ ಸಿಕ್ಕಿದವರು, "ಮೇಡಂ, ನೀವು ಹಳೇ ಮಲ್ಲೇಶ್ವರದವರು. ಅಕ್ಕಪಕ್ಕದವರು ಆಗ ಎಷ್ಟು ಅನ್ಯೋನ್ಯವಾಗಿದ್ರು ಅಂತ ಒಂದೆರಡು ಪುಟ ಬರ್ದ್ಕೊಡಿ. ಸ್ವಲ್ಪ ಸ್ವೀಟಾಗಿರ್ಲಿ" ಎಂದರು.

ಸ್ವೀಟಾಗಿ! ನನಗೆ ಮೈ ಉರಿಯಿತು. ಇದೇ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕಳೆದ ತಿಂಗಳೆಲ್ಲ ನಡೆದ ಚರ್ಚೆ, ಮನೆಗೆಲಸದವರು ಯಾವ ಲಿಫ್ಟಿನಲ್ಲಿ ಹತ್ತಬೇಕು ಎಂಬುದು. ಅದೇ ಜನಕ್ಕೆ ಈಗ ಹಳೆಯ ವಠಾರದ ಘಮ ಬೇಕು. ಆದರೆ ಸಿಟ್ಟು ಅವರ ಮೇಲೆ ಮಾತ್ರ ಅಲ್ಲ. ಬರೆಯಲು ಕೂತಾಗ ನನ್ನ ಕೈಯೂ ತಾನಾಗಿಯೇ "ಒಂದೇ ಕುಟುಂಬ" ಎಂದು ಬರೆಯಿತು. ಎಷ್ಟು ವರ್ಷದಿಂದ ಎಷ್ಟು ಜನರೆದುರು ಹೇಳಿ ಹೇಳಿ ನುಣ್ಣಗಾದ ಮಾತು ಅದು. ಹೊಡೆದುಹಾಕಿದೆ. ಸಂಚಿಕೆಗೆ ಬೇಡದಿದ್ದರೆ ಬೇಡ, ನಡೆದದ್ದನ್ನೇ ಬರೆಯುತ್ತೇನೆ.

ಸಂಪಿಗೆ ರಸ್ತೆಯಿಂದ ಶ್ರೀರಾಂಪುರದ ಕಡೆಗೆ ಇಳಿಯುವ ಅಡ್ಡರಸ್ತೆಯೊಂದರಲ್ಲಿ ನಮ್ಮ ವಠಾರವಿತ್ತು. ನಡುವೆ ಕಲ್ಲು ಹಾಸಿದ ಉದ್ದನೆಯ ಓಣಿ, ಎರಡೂ ಬದಿಗೆ ಮನೆಗಳು, ಕೊನೆಯಲ್ಲಿ ನಲ್ಲಿ, ನಲ್ಲಿಯ ಪಕ್ಕದಲ್ಲಿ ತಾರಸಿಗೆ ಹತ್ತುವ ಮೆಟ್ಟಿಲು. ಬೀದಿಗೆ ಹತ್ತಿರದ ಮೊದಲ ಮನೆ ನಮ್ಮದು. ಅಪ್ಪ ಟೆಲಿಫೋನ್ ಇಲಾಖೆಯಲ್ಲಿದ್ದುದರಿಂದ ವರ್ಷಗಟ್ಟಲೆ ಕಾಯದೆ ಫೋನು ಬಂದಿತ್ತು. ಕಪ್ಪಗೆ, ಇಟ್ಟಿಗೆಯಷ್ಟು ಭಾರ. ಡಯಲ್ಲಿನ ತೂತಿಗೆ ಒಂದು ಪುಟ್ಟ ಬೀಗ, ಮೇಲೆ ಅಮ್ಮ ಹೆಣೆದ ಕ್ರೋಷಾ ಮುಸುಕು. ಮಾತಾಡುವ ತುದಿಗೆ ಅಪ್ಪ ಒಂದು ಸುವಾಸನೆಯ ಬಿಲ್ಲೆ ಅಂಟಿಸಿದ್ದರು. ಅದರ ಮಲ್ಲಿಗೆಯ ಮೇಲೆ ಏಳು ಮನೆಯವರ ಉಸಿರು ಕೂತಿರುತ್ತಿತ್ತು: ಬೆಳ್ಳುಳ್ಳಿ, ನಶ್ಯ, ಎಲೆ ಅಡಿಕೆ, ಹಲ್ಲುಪುಡಿ. ರಿಸೀವರ್ ಮೂಸಿ ಹಿಂದಿನ ಫೋನು ಯಾರದ್ದೆಂದು ಹೇಳುವ ಆಟವನ್ನು ನಾನೂ ನನ್ನಕ್ಕ ಉಷಾಳೂ ಆಡುತ್ತಿದ್ದೆವು.

ನಮ್ಮ ನಂಬರು ವಠಾರದ ಎಲ್ಲರ ನಂಬರು. ಮದುವೆಯ ಪತ್ರಿಕೆ, ಕೆಲಸದ ಅರ್ಜಿ, ಆಸ್ಪತ್ರೆಯ ಚೀಟಿ, ಎಲ್ಲ ಕಡೆ ನಮ್ಮ ನಂಬರು ಬರೆದು ಪಕ್ಕದಲ್ಲಿ "ಪಿ.ಪಿ." ಎಂದು ಹಾಕುತ್ತಿದ್ದರು. "ಪರ್ಟಿಕ್ಯುಲರ್ ಪರ್ಸನ್", ಅಂದರೆ ಇಂಥವರನ್ನೇ ಕರೆಯಿರಿ ಎಂದು. ನಾನು ಮಾತ್ರ ಅದರ ಅರ್ಥ "ಪಕ್ಕದ ಪೋರ್ಷನ್" ಎಂದು ಬಹಳ ಕಾಲ ನಂಬಿದ್ದೆ. ಫೋನು ಬಂದರೆ ಓಣಿಗೆ ಓಡಿ ಕೂಗುವುದು ನನ್ನ ಕೆಲಸ. "ವಿಮಲಮ್ಮಾ, ಫೋನೂ!" ಮೂರನೇ ಮನೆಯ ವಿಮಲಮ್ಮ ಹಿಟ್ಟು ಮೆತ್ತಿದ ಕೈ ಮೇಲೆತ್ತಿಕೊಂಡು ಓಡಿಬರುವರು. ಅವರ ಕಿವಿಗೆ ನಾನು ರಿಸೀವರ್ ಹಿಡಿದು ನಿಲ್ಲಬೇಕು. ಅವರ ತಂಗಿಗೆ ಗಂಡುಮಗು ಹುಟ್ಟಿದ ಸುದ್ದಿ ನನ್ನ ಮಣಿಕಟ್ಟಿನ ಮೂಲಕವೇ ಅವರಿಗೆ ತಲುಪಿತು. ಯಾರಿಗೆ ಯಾರು ಏನು ಹೇಳಿದರು ಎಂಬುದು ಹತ್ತು ನಿಮಿಷದಲ್ಲಿ ನಲ್ಲಿಯವರೆಗೆ ಹೋಗಿರುತ್ತಿತ್ತು. ಗುಟ್ಟು ಎಂಬುದೇ ಇರಲಿಲ್ಲ. ಅದನ್ನೂ ಈಗ ನಾನು ಸಿಹಿಯೆಂದು ಹೇಳಲಾರೆ.

ಆ ಬೇಸಿಗೆ ಫೋನಿಗಾಗಿ ಎಲ್ಲರಿಗಿಂತ ಹೆಚ್ಚು ಕಾದವಳು ರತ್ನಕ್ಕ.

ನಲ್ಲಿಯ ಪಕ್ಕದ ಕೊನೆಯ ಮನೆಯಲ್ಲಿ ರತ್ನಕ್ಕ ಮತ್ತು ಅವಳ ತಾಯಿ ಸಾವಿತ್ರಮ್ಮ ಇದ್ದರು. ತಂದೆ ಇರಲಿಲ್ಲ. ಸಾವಿತ್ರಮ್ಮ ಹೊಲಿಗೆಯಲ್ಲೇ ಮಗಳನ್ನು ಟೀಚರ್ ತರಬೇತಿಗೆ ಕಳಿಸಿ ಓದಿಸಿದ್ದರು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ನಮ್ಮನ್ನು ಕರೆಯುವಷ್ಟಾಗಿತ್ತು. ಒಂದು ಖಾಸಗಿ ಶಾಲೆಯಲ್ಲಿ ರತ್ನಕ್ಕನ ಸಂದರ್ಶನ ಆಗಿತ್ತು. "ಜಾಗ ಖಾಲಿಯಾದ್ರೆ ಫೋನ್ ಮಾಡ್ತೀವಿ, ಮಾರನೇ ದಿನವೇ ಬಂದು ಸೇರ್ಕೋಬೇಕು" ಎಂದಿದ್ದರಂತೆ. ಆ ಕೆಲಸ ಸಿಕ್ಕರೆ ತಾಯಿಗೆ ಹೊಲಿಗೆ ಬಿಡಿಸುತ್ತೇನೆ ಎಂದು ಅವಳು ಎಲ್ಲರೆದುರು ಹೇಳಿಕೊಂಡಿದ್ದಳು. ದಿನಾ ಸಂಜೆ ನಮ್ಮ ಮನೆಗೆ ಬಂದು ಫೋನಿನ ಹತ್ತಿರ ನೆಲಕ್ಕೆ ಕೂರುತ್ತಿದ್ದಳು. ಸುಮ್ಮನೆ ಕೂತರೆ ಸಂಕೋಚವೆಂದು ನನಗೆ ಭಾಗಾಕಾರ ಹೇಳಿಕೊಡುತ್ತಿದ್ದಳು. ಅವಳ ಜಡೆಯಿಂದ ಸೀಗೆಕಾಯಿಯ ವಾಸನೆ. ನನಗೆ ಇವತ್ತಿಗೂ ಭಾಗಾಕಾರ ಮಾಡುವಾಗ ಆ ವಾಸನೆ ಬರುತ್ತದೆ.

"ಶೈಲೂ, ಶೇಷ ಉಳೀತಲ್ಲ, ಅದನ್ನ ಯಾಕೆ ಬಿಟ್ಬಿಟ್ಟೆ?"

"ಒಂದೇ ಒಂದು ಉಳೀತು ರತ್ನಕ್ಕ."

"ಒಂದಾದ್ರೂ ಉಳಿದದ್ದು ಉಳಿದದ್ದೇ ಕಣೇ. ಬರಿ."

ಅಮ್ಮ ಅಡುಗೆಮನೆಯಿಂದಲೇ, "ಹೊಡಿ ರತ್ನಾ ಎರಡು, ನಾನೇನೂ ಅನ್ನಲ್ಲ" ಎನ್ನುತ್ತಿದ್ದಳು. ಅಷ್ಟು ಚೆನ್ನಾಗಿದ್ದರು ಅವರಿಬ್ಬರೂ. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಏಪ್ರಿಲ್ಲಿನಲ್ಲಿ ಸಂಡಿಗೆ ಶುರುವಾಗುತ್ತಿತ್ತು. ದಿನಕ್ಕೊಂದು ಮನೆಯ ಸರದಿ. ಸರದಿಯ ಮನೆಗೆ ಉಳಿದ ಆರು ಮನೆಯ ಹೆಂಗಸರೂ ಬೆಳಗಿನ ಕಾಫಿಗೆ ಮುಂಚೆ ಚಮಚ ಹಿಡಿದು ತಾರಸಿಗೆ ಬರುವರು. ನಮ್ಮ ಸರದಿಯ ದಿನ ಸಬ್ಬಕ್ಕಿ ಸಂಡಿಗೆ. ದೊಡ್ಡ ಪಾತ್ರೆಯಲ್ಲಿ ಬೆಂದ ಹಿಟ್ಟಿಗೆ ಹಸಿಮೆಣಸಿನಕಾಯಿ, ಇಂಗು ಅರೆದು ಹಾಕಿ, ಇಳಿಸಿ ನಿಂಬೆಹಣ್ಣು ಹಿಂಡಿದರೆ ಬೀದಿಯಲ್ಲಿ ಹೋಗುವವರ ಬಾಯಲ್ಲೂ ನೀರು. ಆ ಬಿಸಿ ಹಿಟ್ಟನ್ನು ಒಂದೊಂದು ಡಬ್ಬಿಯಲ್ಲಿ ಎಲ್ಲ ಮನೆಗೂ ರುಚಿಗೆಂದು ಕಳಿಸುವ ಪದ್ಧತಿ. ಸಾವಿತ್ರಮ್ಮನ ಮನೆಗೆ ನಾನೇ ಕೊಟ್ಟು ಬಂದೆ. ಮುಚ್ಚಳದ ಮೇಲೆ "ಲಲಿತ" ಎಂದು ಅಮ್ಮನ ಹೆಸರು ಕೊರೆಸಿದ್ದ ಸ್ಟೀಲ್ ಡಬ್ಬಿ.

ಎಂಟು ಗಂಟೆಗೆಲ್ಲ ಚಾಪೆಯ ಮೇಲಿನ ಪ್ಲಾಸ್ಟಿಕ್ ಹಾಳೆಯ ತುಂಬ ಬಿಳಿ ಬಿಳಿ ಸಂಡಿಗೆ. ಹೆಂಗಸರು ಇಳಿದುಹೋದರು. ಕಾಗೆ ಓಡಿಸಲು ಒಂದು ಹರಿದ ಕರಿ ಕೊಡೆ, ಒಂದು ಕೋಲು, ಮತ್ತು ನಾನು.

ಸ್ವಲ್ಪ ಹೊತ್ತಿಗೆ ರತ್ನಕ್ಕ ಒಗೆದ ಸೀರೆ ತಂದಳು. ಬಿಳಿ ಮೈಗೆ ಸಣ್ಣ ಹೂವು, ನೀಲಿ ಅಂಚು. ಕರೆ ಬಂದ ಮಾರನೇ ದಿನ ಉಡುವುದಕ್ಕೆಂದು ಎತ್ತಿಟ್ಟುಕೊಂಡಿದ್ದ ಒಂದೇ ಒಳ್ಳೆಯ ಸೀರೆ. ಬಿಳುಪು ಎದ್ದು ಕಾಣಲೆಂದು ನೀಲಿ ನೀರಿನಲ್ಲಿ ಅದ್ದಿ ತಂದಿದ್ದಳು. ತಾರಸಿಯ ಆ ತುದಿಯ ಹಗ್ಗಕ್ಕೆ ಹರವಿ, "ನಿಮ್ಮ ಸಂಡಿಗೆ ದೂರ ಇದೆಯಲ್ವಾ? ತೊಟ್ಟಿಕ್ತಿದೆ, ನೋಡ್ಕೋ ಶೈಲೂ" ಎಂದು ಹೇಳಿಯೇ ಇಳಿದಳು.

ನನಗೆ ಬಿಸಿಲು ತಡೆಯಲಾಗಲಿಲ್ಲ. ಆ ಸೀರೆಯ ಕೆಳಗೆ ತಂಪಾದ ನೆರಳಿತ್ತು. ನಾನು ಹೋಗಿ ಅಲ್ಲಿ ಕೂತೆ. ಕೂತರೆ ಕೋಲು ಸಂಡಿಗೆಗೆ ಎಟುಕುವುದಿಲ್ಲ. ಅದಕ್ಕೆ ಚಾಪೆಯನ್ನೇ ನನ್ನ ಹತ್ತಿರ ಎಳೆದುಕೊಂಡೆ. ನೆರಳು, ಅರೆ ಒಣಗಿದ ಸಂಡಿಗೆ ಒಂದೊಂದಾಗಿ ಬಾಯಿಗೆ, ಆಮೇಲೆ ನಿದ್ದೆ. ಎಚ್ಚರವಾದಾಗ ಸಂಡಿಗೆಯ ಮೇಲೆಲ್ಲ ನೀಲಿ ಹನಿ ಹರಡಿತ್ತು. ಗಾಬರಿಯಾಗಿ ಚಾಪೆಯನ್ನು ವಾಪಸ್ ಎಳೆಯುತ್ತಿದ್ದಾಗ ಮೆಟ್ಟಿಲಿನ ಬಾಯಲ್ಲಿ ರತ್ನಕ್ಕ ನಿಂತಿದ್ದಳು. ನೋಡಿದಳು. ಅವಳ ಹಿಂದೆಯೇ ಅಮ್ಮ ಬರುವಷ್ಟರಲ್ಲಿ ನಾನು ಚಾಪೆ ಬಿಟ್ಟು ಎದ್ದು ನಿಂತಿದ್ದೆ. ಅಮ್ಮ ನೋಡಿದ್ದು ನೀಲಿಯನ್ನು ಮಾತ್ರ.

"ಯಾರು ಇಲ್ಲಿ ಸೀರೆ ಹಾಕಿದ್ದು?"

"ನಾನೇ, ಲಲಿತಕ್ಕ" ಎಂದ ರತ್ನಕ್ಕ ನನ್ನ ಮುಖ ನೋಡಿದಳು. ನಾನು ಹೇಳಲಿ ಎಂದು ಕಾದಳು. ನಾನು ಕೊಡೆಯ ಕಡ್ಡಿ ಎಣಿಸುತ್ತ ನಿಂತೆ.

"ಕಣ್ಣು ಕಾಣಲ್ವಾ ನಿಂಗೆ? ಮೂರು ಸೇರು ಸಬ್ಬಕ್ಕಿ! ಬಟ್ಟೆ ಎಲ್ಲಿ ಒಣಹಾಕ್ಬೇಕು ಅಂತ ಗೊತ್ತಿಲ್ದೋಳು ಮಕ್ಳಿಗೆ ಅದೇನು ಪಾಠ ಹೇಳ್ತೀಯೋ!"

ರತ್ನಕ್ಕನ ಮುಖ ಕೆಂಪಾಯಿತು. "ಕಾಯೋಕೆ ಕೂತಿದ್ದೋರನ್ನ ಒಂದ್ಮಾತು ಕೇಳಿ ಅಕ್ಕ."

"ನನ್ನ ಮಗೂನ ಮಧ್ಯ ತರ್ಬೇಡ. ತಪ್ಪು ಮಾಡಿ ಮಗು ಮೇಲೆ ಹಾಕ್ತೀಯಾ? ನಾಳೆಯಿಂದ ಫೋನು ಗೀನು ಅಂತ ನಮ್ಮ ಹೊಸ್ತಿಲು ತುಳೀಬೇಡಿ ತಾಯಿ ಮಗಳಿಬ್ರೂ."

ಮಾತು ನಿಂತಿತು. ವಠಾರದಲ್ಲಿ ಮಾತು ಬಿಡುವುದೆಂದರೆ ಸಣ್ಣ ಶಿಕ್ಷೆಯಲ್ಲ. ಅದೇ ಓಣಿ, ಅದೇ ನಲ್ಲಿ. ದಿನಕ್ಕೆ ಇಪ್ಪತ್ತು ಸಲ ಎದುರಾಗಿ ಇಪ್ಪತ್ತು ಸಲ ಮುಖ ತಿರುಗಿಸಬೇಕು. ವಿಮಲಮ್ಮ ರಾಜಿ ಮಾಡಿಸಲು ಎರಡು ಸಲ ಬಂದರು. ಅಮ್ಮ ಕಾಫಿ ಕೊಟ್ಟು ಕಳಿಸಿದಳು.

ಮೇ ಕೊನೆಯಲ್ಲಿ ಶಾಲೆಯಿಂದ ಫೋನು ಬಂತು. ಈ ಕತೆಯನ್ನು ನಾನು ಗಂಡನಿಗೆ, ಸ್ನೇಹಿತೆಯರಿಗೆ, ಮಗಳಿಗೆ ಹೇಳಿದ್ದೇನೆ. ಪ್ರತಿ ಸಲವೂ ಹೀಗೆ: ಮಧ್ಯಾಹ್ನದ ಹೊತ್ತು ಫೋನು ಹೊಡೆದುಕೊಂಡಿತು, ಅಮ್ಮ ಎತ್ತಿದಳು, ಆ ಕಡೆಯವರು "ರತ್ನ ಅವರನ್ನ ಕರೀತೀರಾ?" ಎಂದರು, ಅಮ್ಮ "ರಾಂಗ್ ನಂಬರ್" ಎಂದು ಇಟ್ಟುಬಿಟ್ಟಳು. ಒಂದು ಹುಡುಗಿಯ ಬದುಕನ್ನು ಮೂರು ಸೇರು ಸಬ್ಬಕ್ಕಿಗೆ ಸಮ ಮಾಡಿದಳು ನನ್ನಮ್ಮ. ಹೇಳುವಾಗ ನನಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ಕೇಳಿದವರೆಲ್ಲ ನನ್ನ ನ್ಯಾಯಬುದ್ಧಿಯನ್ನು ಮೆಚ್ಚುತ್ತಿದ್ದರು.

ಹೋದ ವರ್ಷ ಅಮ್ಮನ ವರ್ಷಾಬ್ದಿಕದ ದಿನ, ಊಟವಾದ ಮೇಲೆ ಉಷಾಳ ಹತ್ತಿರ ಇದನ್ನೇ ಶುರುಮಾಡಿದೆ. ಉಷಾ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರು ಎತ್ತಿದ್ದು ಅಂದೆ?"

"ಅಮ್ಮ."

"ಅಮ್ಮ ಎಲ್ಲಿದ್ಲು ಮನೇಲಿ? ನನ್ನ ಜೊತೆ ಸಂಪಿಗೆ ರೋಡಲ್ಲಿದ್ಲು ಕಣೇ. ಹೈಸ್ಕೂಲಿಗೆ ಅಂತ ನಂಗೆ ಮೊದಲನೇ ಸಲ ಲಂಗ ದಾವಣಿ ಬಟ್ಟೆ ತಗೊಂಡ ದಿನ ಅದು. ನಾವು ಬಂದಾಗ ನೀನು ಮಂಚದ ಕೆಳಗಿದ್ದೆ. 'ರಾಂಗ್ ನಂಬರ್ ಬಂದಿತ್ತು' ಅಂದೆ. ಯಾರೂ ಕೇಳಿರ್ಲಿಲ್ಲ ನಿನ್ನ."

ನಾನು ಮರೆತಿರಲಿಲ್ಲ. ಮರೆತಿದ್ದರೆ ಕ್ಷಮೆಯಾದರೂ ಇತ್ತು. ನನ್ನ ಮಾತನ್ನು ಅಮ್ಮನ ಬಾಯಲ್ಲಿಟ್ಟು ಜೋಪಾನ ಮಾಡಿದ್ದೆ, ಅಷ್ಟೆ.

ಆದ್ದರಿಂದ ಇನ್ನೊಂದು ಸಲ ಹೇಳುತ್ತೇನೆ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮುಸುಕು ಸರಿಸಿ ರಿಸೀವರ್ ಎತ್ತಿದೆ. ಒಬ್ಬ ಗಂಡಸು, ಅವಸರದ ದನಿ: "ಶಾಲೆಯಿಂದಮ್ಮ. ರತ್ನ ಅವರನ್ನ ಸ್ವಲ್ಪ ಕರೀತೀಯಾ? ನಾಳೆ ಬೆಳಗ್ಗೆ ಬರ್ಬೇಕಿತ್ತು." ಓಣಿಯ ಕೊನೆಯಲ್ಲಿ ರತ್ನಕ್ಕ ನಲ್ಲಿಯ ಹತ್ತಿರ ಬಕೆಟ್ ಇಟ್ಟುಕೊಂಡು ನಿಂತದ್ದು ಕಿಟಕಿಯಿಂದಲೇ ಕಾಣುತ್ತಿತ್ತು. ಕೂಗಿದರೆ ಸಾಕಿತ್ತು. ಆದರೆ ಕೂಗಿದರೆ ಅವಳು ಬರುತ್ತಾಳೆ. ಕೆಲಸ ಸಿಕ್ಕಿತೆಂದು ಅಮ್ಮನಿಗೆ ಹೇಳುತ್ತಾಳೆ. ಅಮ್ಮ ಕರಗುತ್ತಾಳೆ, ಅದು ನನಗೆ ಗೊತ್ತು. ಇಬ್ಬರೂ ಕೂತು ಕಾಫಿ ಕುಡಿಯುತ್ತಾರೆ. ಆಗ ಚಾಪೆ ಎಳೆದದ್ದು ಯಾರು ಎಂಬ ಮಾತು ಬಂದೇ ಬರುತ್ತದೆ. ಅವರ ಜಗಳ ಉಳಿದರೆ ಮಾತ್ರ ನನ್ನ ಸುಳ್ಳು ಉಳಿಯುತ್ತಿತ್ತು. ಇಷ್ಟನ್ನೂ ಹತ್ತು ವರ್ಷದ ತಲೆ ಒಂದು ಉಸಿರಿನಲ್ಲಿ ಲೆಕ್ಕ ಹಾಕಿತು, ಶೇಷ ಬಿಡದೆ.

"ರಾಂಗ್ ನಂಬರ್" ಎಂದೆ.

ಜೂನಿನಲ್ಲಿ ಶಾಲೆಗಳು ತೆರೆದ ಮೇಲೆ ರತ್ನಕ್ಕ ಕಾದು ಸಾಕಾಗಿ ತಾನೇ ವಿಚಾರಿಸಲು ಹೋದಳು. ಹಿಂದಿರುಗಿ ನೇರ ನಮ್ಮ ಬಾಗಿಲಿಗೆ ಬಂದಳು. ಅದೇ ಬಿಳಿ ಸೀರೆ. ಹೊಸ್ತಿಲು ತುಳಿಯಬೇಡ ಎಂದಿದ್ದಳಲ್ಲ ಅಮ್ಮ, ಹೊರಗೇ ನಿಂತಳು.

"ಲಲಿತಕ್ಕ, ಮೇ ತಿಂಗಳಲ್ಲಿ ಅವರು ಫೋನ್ ಮಾಡಿದ್ರಂತೆ. ರಾಂಗ್ ನಂಬರ್ ಅಂದ್ರಂತೆ. ಬೇರೆಯವರನ್ನ ತಗೊಂಡ್ಬಿಟ್ರು."

ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಈಳಿಗೆಮಣೆಯಿಂದ ಎದ್ದಳು. ತಿರುಗಿ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಆಮೇಲೆ ಬಾಗಿಲಿಗೆ ಹೋಗಿ, "ಹೌದು, ನಾನೇ ಅಂದೆ" ಎಂದಳು.

"ಮಗು ದನಿ ಇತ್ತು ಅಂದ್ರು ಅಕ್ಕ."

"ಫೋನಲ್ಲಿ ನನ್ನ ದನಿ ಹಾಗೇ ಕೇಳ್ಸುತ್ತೆ."

ಓಣಿಯಲ್ಲಿ ಎಲ್ಲ ಬಾಗಿಲುಗಳೂ ತೆರೆದಿದ್ದವು. ಎಲ್ಲರೂ ಕೇಳಿದರು. ರತ್ನಕ್ಕ ಅಮ್ಮನ ಭುಜದ ಮೇಲಿಂದ ನನ್ನನ್ನು ನೋಡಿದಳು, ತಾರಸಿಯಲ್ಲಿ ನೋಡಿದ ಹಾಗೆಯೇ, ಹೇಳಲಿ ಎಂದು ಕಾಯುತ್ತ. ನಾನು ಎರಡನೇ ಸಲವೂ ಸುಮ್ಮನಿದ್ದೆ. "ಸರಿ ಅಕ್ಕ" ಎಂದು ಅವಳು ಹೋದಳು. ಅವತ್ತಿನಿಂದ ವಠಾರಕ್ಕೆಲ್ಲ ಅಮ್ಮ ಕಲ್ಲುಮನಸ್ಸಿನವಳು. ಸಾಯುವವರೆಗೂ ಅವಳು ಅದನ್ನು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.

ಅಮ್ಮ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಇದನ್ನು ತಾಯಿಪ್ರೀತಿ ಎಂದು ಕರೆದು ಕಣ್ಣೊರೆಸಿಕೊಳ್ಳುವವರು ಒರೆಸಿಕೊಳ್ಳಲಿ. ನನಗೆ ಅಮ್ಮನ ಮೇಲೆ ಈಗಲೂ ಸಿಟ್ಟಿದೆ, ಬೇರೆ ಸಿಟ್ಟು. ಕಿವಿ ಹಿಡಿದು ಎಳೆದುಕೊಂಡು ಹೋಗಿ ಆ ಕೊನೆಯ ಮನೆಯ ಮುಂದೆ ನಿಲ್ಲಿಸಬೇಕಿತ್ತು ನನ್ನನ್ನು. ಶಾಲೆಯಲ್ಲಿ ಜಾಗ ಹೋಗಿತ್ತು, ನಿಜ. ನಿಜ ಹೇಳಲು ಜಾಗ ಇನ್ನೂ ಇತ್ತು. ಅಮ್ಮ ತನ್ನ ಮನೆಯ ಮಗುವನ್ನು ಉಳಿಸಿಕೊಂಡಳು, ಪಕ್ಕದ ಮನೆಯ ಮಗಳನ್ನು ಬಿಟ್ಟುಕೊಟ್ಟಳು. ಒಂದೇ ಕುಟುಂಬವಂತೆ!

ಮಾರನೇ ದಿನ ಸಾವಿತ್ರಮ್ಮ ಬಂದರು. ನಮ್ಮ ಹೊಸ್ತಿಲಿನ ಹೊರಗೆ ಸ್ಟೀಲ್ ಡಬ್ಬಿ ಇಟ್ಟು ಹೋದರು. ಸಂಡಿಗೆ ಹಿಟ್ಟು ಹಾಕಿ ಕೊಟ್ಟ ಡಬ್ಬಿ. ಜಗಳದ ದಿನದಿಂದ ಅವರ ಮನೆಯಲ್ಲೇ ಉಳಿದಿತ್ತು. ಅಮ್ಮ ಮುಚ್ಚಳ ತೆಗೆದಳು. ಹೊಳೆಯುವ ಹಾಗೆ ತಿಕ್ಕಿದ ಡಬ್ಬಿಯ ತಳದಲ್ಲಿ ಒಂದು ಹಿಡಿ ಸಕ್ಕರೆ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಏನೂ ಇಲ್ಲದಿದ್ದರೆ ಸಕ್ಕರೆಯನ್ನಾದರೂ ಹಾಕಬೇಕು ಎಂಬುದು ವಠಾರದ ರೀತಿ. ಮಗಳ ಕೆಲಸ ತಪ್ಪಿಸಿದ ಮನೆಗೂ ಅವರು ಆ ರೀತಿ ತಪ್ಪಲಿಲ್ಲ. ಅದು ಕ್ಷಮೆಯಾಗಿತ್ತು ಎಂದು ನಾನು ನಂಬುವುದಿಲ್ಲ. ನಾವು ನಿಮ್ಮ ಹಾಗಲ್ಲ ಎಂದು ಹೇಳಲು ಅದಕ್ಕಿಂತ ಗಟ್ಟಿಯಾದ ಮಾತು ಬೇರೆ ಇರಲಿಲ್ಲ.

ಅಮ್ಮ ಡಬ್ಬಿಯನ್ನು ನನ್ನ ಮುಂದೆ ಇಟ್ಟಳು.

"ತಿನ್ನು."

"ಬೇಡಮ್ಮ."

"ಪೂರ್ತಿ ತಿನ್ನು. ನಿಂಗೇ ಕಳ್ಸಿರೋದು."

ತಿಂದೆ. ಅಮ್ಮ ಎದುರಿಗೆ ಕೂತು, ಕೊನೆಯ ಹರಳಿನವರೆಗೂ ನೋಡಿದಳು. ಸಂಘದ ಕಾರ್ಯದರ್ಶಿಗಳೇ, ನೀವು ಕೇಳಿದ ಸ್ವೀಟು ಇದು.

ರತ್ನಕ್ಕನವರು ಆ ವರ್ಷವೇ ಮನೆ ಬಿಟ್ಟರು. ಗವಿಪುರಂ ಕಡೆ ಹೋದರೆಂದು ವಿಮಲಮ್ಮ ಹೇಳಿದ್ದು. ಆಮೇಲೆ ಅವಳು ಟೀಚರಾದಳೋ ಇಲ್ಲವೋ, ಸಾವಿತ್ರಮ್ಮ ಹೊಲಿಗೆ ಬಿಟ್ಟರೋ ಇಲ್ಲವೋ, ನನಗೆ ಗೊತ್ತಿಲ್ಲ. ಗವಿಪುರಂ ಇರುವುದು ಇದೇ ಊರಿನಲ್ಲಿ. ನಾನು ಹುಡುಕಲಿಲ್ಲ.

ಈಗ ನನ್ನ ಫೋನು ನನ್ನೊಬ್ಬಳದ್ದು. ಯಾರ ಅರ್ಜಿಯ ಮೇಲೂ ನನ್ನ ನಂಬರಿಲ್ಲ. ಯಾರ ಹೆರಿಗೆಯೂ ಸಾವೂ ನನ್ನ ಕೈ ದಾಟಿ ಹೋಗಬೇಕಾಗಿಲ್ಲ. ಅಕ್ಕಪಕ್ಕದವರಿಗೆ ದ್ರೋಹ ಬಗೆಯಬೇಕೆಂದರೂ ಅವರದ್ದೇನೂ ನನ್ನ ಹತ್ತಿರ ಇಲ್ಲ. ಇದನ್ನೇ ಜನ ನೆಮ್ಮದಿ ಎನ್ನುತ್ತಾರೆ. ವಠಾರದಲ್ಲಿ ಒಳ್ಳೆಯವರೇ ಇದ್ದರು, ಈಗ ಕೆಟ್ಟವರು ಬಂದಿದ್ದಾರೆ ಎಂಬುದು ಶುದ್ಧ ಸುಳ್ಳು. ಕಳೆದುಹೋದದ್ದು ಒಳ್ಳೆಯತನವಲ್ಲ. ತನ್ನ ಬದುಕಿನ ಒಂದು ತುದಿಯನ್ನು ಪಕ್ಕದ ಮನೆಯ ಹತ್ತು ವರ್ಷದ ಹುಡುಗಿಯ ಕೈಗೆ ಕೊಟ್ಟು ನಲ್ಲಿಗೆ ಹೋಗಿ ನಿಲ್ಲುತ್ತಿದ್ದಳಲ್ಲ ರತ್ನಕ್ಕ, ಆ ಧೈರ್ಯ. ಅದನ್ನು ಹಾಳುಮಾಡಿದವರಲ್ಲಿ ನಾನೂ ಒಬ್ಬಳು.

ಹದಿನೈದು ದಿನದ ಹಿಂದೆ ಎದುರು ಫ್ಲಾಟಿಗೆ ಹೊಸದಾಗಿ ಬಂದ ಹುಡುಗಿ ಬಾಗಿಲು ತಟ್ಟಿದಳು. ಉತ್ತರ ಕರ್ನಾಟಕದವಳು. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಗೋಧಿ ಹುಗ್ಗಿ. "ಅವ್ವ ಬಂದಾಳ್ರಿ ಊರಿಂದ, ಮಾಡ್ಯಾಳ. ಡಬ್ಬಿ ಹೊಳ್ಳಿ ಕೊಡೂದ್ ಬ್ಯಾಡ್ರಿ ಆಂಟಿ, ಒಗದ್ ಬಿಡ್ರಿ" ಎಂದು ನಕ್ಕು ಹೋದಳು. ಅವಳ ಹೆಸರು ಕೇಳಲು ನನಗೆ ನೆನಪಾದದ್ದು ಬಾಗಿಲು ಹಾಕಿದ ಮೇಲೆ.

ಹುಗ್ಗಿ ತಿಂದೆ. ಡಬ್ಬಿಯನ್ನು ಎಸೆಯಲಾಗಲಿಲ್ಲ. ತೊಳೆದಿಟ್ಟೆ. ಇವತ್ತು ಇಷ್ಟನ್ನು ಬರೆದ ಮೇಲೆ ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿಕೊಂಡು ಹೋಗಿ ಎದುರು ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆಯಲಿಲ್ಲ. ಬೆಲ್ಲಿನ ಮೇಲಿನ ಕ್ಯಾಮೆರಾದಲ್ಲಿ ಕೆಂಪು ದೀಪ ಹತ್ತಿತು, ಒಳಗಿಂದ ಅವಳದೇ ಅವಸರದ ದನಿ ಬಂತು: "ಪಾರ್ಸಲ್ ಏನ್ರಿ? ಅಲ್ಲೇ ಇಟ್ಟು ಹೋಗ್ರಿ."

ಬಾಗಿಲಿನ ಹೊರಗೆ ಇಟ್ಟು ಹೋಗುವುದು ನನಗೆ ಗೊತ್ತು, ಅದರ ರುಚಿಯೂ ಗೊತ್ತು. ನಾನು ಇಡಲಿಲ್ಲ. "ಪಾರ್ಸಲ್ ಅಲ್ಲಮ್ಮ, ಎದುರು ಮನೆ ಶೈಲಾ" ಎಂದು, ವಠಾರದ ನಲ್ಲಿಯವರೆಗೂ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿ, ಮತ್ತೆ ಬೆಲ್ ಒತ್ತಿದೆ.